ಕಾರ್ಖಾನೆಗೆ ಉಡಿ ತುಂಬಿದ ಊರು

ಒಂದು ಕಾಲಕ್ಕೆ ಕಾರ್ಖಾನೆ ಇದ್ದಲ್ಲಿಗೆ ಜನ ಹೋಗುತ್ತಿದ್ದರು. ಆಮೇಲೆ ಕಾರ್ಖಾನೆಯೇ ಎದ್ದು ತಿರುಗಾಡಲು ಕಲಿಯಿತು. ಅದು ನಮ್ಮ ಜಾಲಿಕೊಪ್ಪ ಸ್ಟೇಷನ್ನಿನ ಸೈಡಿಂಗಿಗೆ, ಪಕ್ಕದ ಹಳಿಗೆ, ಮೊದಲ ಸಲ ಬಂದು ನಿಂತಾಗ ನಾನು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಕೆಲಸದಲ್ಲಿದ್ದೆ. ಎಂಜಿನ್ನಿನ ಹಿಂದೆ ಉದ್ದಕ್ಕೆ ಬೋಗಿಗಳು. ಒಂದರೊಳಗೆ ಎರಕದ ಒಲೆ, ಒಂದರೊಳಗೆ ಹೊಲಿಗೆ, ಒಂದರೊಳಗೆ ಪುಡಿಯನ್ನು ಪದರ ಪದರವಾಗಿ ಕರಗಿಸಿ ಬೇಕಾದ ಸಾಮಾನು ಎಬ್ಬಿಸುವ ಯಂತ್ರ. ಬೆಳಿಗ್ಗೆ ಪಂಪಿನ ಚಕ್ರ, ಮಧ್ಯಾಹ್ನ ಶಾಲೆಯ ಬೆಂಚು, ಇಳಿಹೊತ್ತಿಗೆ ಕನ್ನಡಕದ ಚೌಕಟ್ಟು. ಯಾವ ಊರಿಗೆ ಏನು ಬೇಕೋ ಆ ಊರಿನಲ್ಲೇ ನಿಂತು, ಆ ಊರಿನ ಕೈಗಳಿಂದಲೇ ಮಾಡಿಸಿ, ಅಲ್ಲೇ ಇಳಿಸಿ ಮುಂದೆ ಹೋಗುತ್ತಿತ್ತು.

ಅದು ಬಂದ ಮೇಲೆ ಗೋದಾಮುಗಳು ಹೋದವು. ಸ್ಟೇಷನ್ನಿನ ಹಿಂದೆ ಕಲ್ಲಿನ ಗೋದಾಮೊಂದಿತ್ತು. ನಮ್ಮಪ್ಪನ ಕಾಲದಲ್ಲಿ ಹತ್ತಿ ಅಂಡಿಗೆಗಳನ್ನು ಅದರೊಳಗೆ ಸೂರಿನ ತನಕ ಒಟ್ಟುತ್ತಿದ್ದರು. ಅದನ್ನು ಕೆಡವಿ ಕಲ್ಲನ್ನು ರಸ್ತೆಗೆ ಹಾಕಿದರು. ಸಾಮಾನು ಮಾಡಿ ಇಡುವುದೇ ದಂಡ, ಬೇಕಾದಾಗ ಮಾಡಿಕೊಂಡರಾಯಿತು ಎಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಅಂಗಡಿಯಲ್ಲಿ ಕಪಾಟಿಲ್ಲ, ಆಸ್ಪತ್ರೆಯಲ್ಲಿ ಉಗ್ರಾಣವಿಲ್ಲ. ಬಕೆಟ್ಟು ಒಡೆದರೆ ಕಾರ್ಖಾನೆ ಬರುವ ತನಕ ಕೊಡದಿಂದಲೇ ನೀರು ಸುರಿದುಕೊಂಡು ಸ್ನಾನ. ಜನ ಅದಕ್ಕೂ ಹೊಂದಿಕೊಂಡರು. ಕೆಲಸಕ್ಕೂ ಹಾಗೆಯೇ ಹೊಂದಿಕೊಂಡರು. ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವ ಮಮತಾಜಬಿ ಹೇಳುತ್ತಿದ್ದಳು: "ನಮ್ಮನಿಯಾವ ಮುಂಜಾನೆ ಬಡಿಗ್ಯಾ, ಮಧ್ಯಾಹ್ನ ಸಿಂಪಿಗ್ಯಾ. ಸಂಜಿಕ್ಕ ಬಂದು ಬಾಗಲಾ ಬಡದ್ರ, ಈಗ ಯಾರಾಗಿ ಬಂದೀಯಪಾ ಅಂತ ಕೇಳೇ ತಗೀತೀನಿ."

ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಮನುಷ್ಯರು ಹೇಳುತ್ತಿರಲಿಲ್ಲ. ನಡುವಿನ ಬೋಗಿಯಲ್ಲಿ ಲೆಕ್ಕ ಮಾಡುವ ಯಂತ್ರವಿತ್ತು. ಕಂಪನಿ ಅದಕ್ಕೆ ಉದ್ದನೆಯ ಹೆಸರಿಟ್ಟಿತ್ತು. ನಾವು ತಕ್ಕಡಿ ಎನ್ನುತ್ತಿದ್ದೆವು. ಯಾವ ಊರಲ್ಲಿ ಕರೆಂಟು ಅಗ್ಗ, ಯಾವ ಊರಲ್ಲಿ ಪಗಾರ ಕಡಿಮೆ, ಎಲ್ಲಿಂದ ಎಲ್ಲಿಗೆ ಎಳೆಯಲು ಎಷ್ಟು ಖರ್ಚು, ನಿಂತ ಹೊತ್ತಿಗೆ ಎಷ್ಟು ನಷ್ಟ, ಇಷ್ಟನ್ನೂ ಅದು ಒಂದು ಪರಡಿಗೆ ಹಾಕಿ ನೋಡುತ್ತಿತ್ತು. ಯಾರ ಮೇಲೂ ಅದಕ್ಕೆ ಸಿಟ್ಟಿರಲಿಲ್ಲ. ಪಕ್ಕದ ಸೈಡಿಂಗಿನವರು ಊಟದ ಬಿಡುವು ಬಿಟ್ಟುಕೊಟ್ಟರೆ ಗಾಡಿ ಅಲ್ಲಿ ಹೆಚ್ಚು ನಿಲ್ಲುತ್ತಿತ್ತು. ನಾವು ಬಿಡುವಿನ ಜೊತೆಗೆ ಕೆರೆಯ ನೀರನ್ನೂ ಬಿಟ್ಟುಕೊಟ್ಟೆವು. ಆಗ ಇಲ್ಲಿ ನಿಂತಿತು. ಅವರು ಪಗಾರ ಇಳಿಸಿಕೊಂಡರು. ನಾವೂ ಇಳಿಸಿಕೊಂಡೆವು. ಇಳಿಸಿಕೊಳ್ಳಲು ಏನೂ ಉಳಿಯದ ದಿನ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಉಳಿದವರಿಗೆ ಗಾಡಿ ಎಂದರೆ ಕೂಲಿ. ತಂಗೆವ್ವನಿಗೆ ಮಗಳ ಜೀವ.

ತಂಗೆವ್ವನ ಮನೆ ಸ್ಟೇಷನ್ನಿನ ಗೋಡೆಗೆ ಹತ್ತಿಕೊಂಡೇ ಇದೆ. ಒಬ್ಬಳೇ ಮಗಳು ಕಸ್ತೂರಿ. ಮದುವೆಯಾದ ಕೆಲವು ವರ್ಷಕ್ಕೆ ಅವಳ ಎರಡೂ ಮೂತ್ರಪಿಂಡ ಕೆಟ್ಟವು. ಗಂಡನ ಮನೆಯವರು ಅವಳನ್ನು ಒಂದು ಚೀಲದ ಜೊತೆ ತವರಿನ ಕಟ್ಟೆಯ ಮೇಲೆ ಕೂರಿಸಿ ಹೋದರು. ಹೊರಡುವಾಗ ಅತ್ತೆ ಅವಳ ಉಡಿಗೆ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ಕಾಯಿಲೆಗಿಂತ ಆ ಮಾತನ್ನೇ ತಂಗೆವ್ವ ಹೆಚ್ಚು ಸಲ ಹೇಳುತ್ತಿದ್ದಳು. ನಮ್ಮ ಕಡೆ ಹೆಣ್ಣುಮಗಳು ಹೊರಟಾಗ ಅಕ್ಕಿ, ಕಾಯಿ, ಉತ್ತತ್ತಿ, ಅರಿಷಿಣದ ಬೇರು, ಕುಪ್ಪಸದ ಖಣ ಹಾಕಿ ಸೆರಗಿನಲ್ಲಿ ಉಡಿ ತುಂಬುತ್ತಾರೆ. ಉಡಿ ತುಂಬಿಸಿಕೊಂಡು ಹೋದವಳು ತಿರುಗಿ ಬಂದೇ ಬರುತ್ತಾಳೆ ಎಂಬ ನಂಬಿಕೆ. ತುಂಬದೆ ಕಳಿಸಿದರೆ, ಮತ್ತೆ ಬರಬೇಡ ಎಂದು ಹೇಳಿದಂತೆ.

ಕಸ್ತೂರಿಯ ರಕ್ತವನ್ನು ಊರಿನ ಆಸ್ಪತ್ರೆಯಲ್ಲಿ ಯಂತ್ರ ತೊಳೆಯುತ್ತಿತ್ತು. ಯಂತ್ರಕ್ಕೆ ಒಂದು ಜರಡಿ ಬೇಕು. ಅಂಗೈಗಿಂತ ತುಸು ಉದ್ದದ ಕೊಳವೆ, ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳು, ಎಳೆಎಳೆಗೂ ಒಳಗೆ ತೂತು. ಅದನ್ನು ನೂಲುವುದು ಗಾಡಿಯ ಬಿಳಿ ಬೋಗಿಯಲ್ಲಿ ಮಾತ್ರ. ಅವಳ ಮೈಗೆ ತಕ್ಕಂತೆ ಒಂದೇ ಜರಡಿ ಮಾಡಿಕೊಡುತ್ತಿತ್ತು. ಮುಂದಿನ ಸಲ ಗಾಡಿ ಬರುವ ತನಕ ಆಸ್ಪತ್ರೆಯವರು ಅದನ್ನೇ ತೊಳೆದು ತೊಳೆದು ಬಳಸುತ್ತಿದ್ದರು. ಬೇರೆ ಊರಿಗೆ ಹೋಗಿ ಮಾಡಿಸಿಕೊಳ್ಳೋಣವೆಂದರೆ ಅವಳ ಹೆಸರು ಜಾಲಿಕೊಪ್ಪದ ಸೈಡಿಂಗಿಗೆ ಸೇರಿದ್ದು. ಹೆಸರು ಬದಲಿಸಿಕೊಡಿ ಎಂದು ಕೇಳಿದರೆ, ಆ ಊರಿನಲ್ಲಿ ವರ್ಷ ಕಳೆದವರಿಗೆ ಮಾತ್ರ ಎಂಬ ಉತ್ತರ ಬಂತು.

"ಕಾಕಾ, ನನ್ನ ಗಂಡ ನನ್ನ ಬಿಟ್ಟ, ಈ ಗಾಡಿ ಬಿಟ್ಟಿಲ್ಲ ನೋಡು," ಎಂದು ಕಸ್ತೂರಿ ನನ್ನೊಡನೆ ನಗುತ್ತಿದ್ದಳು. "ಇದನ್ನ ಕಟ್ಟಿಕೊಂಡಿದ್ರ ಚಲೋ ಇತ್ತು."

"ಸುಮ್ನಿರಬೇ," ಎಂದು ಒಳಗಿಂದ ತಂಗೆವ್ವ ಗದರುತ್ತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಗಾಡಿ ಬಂದಾಗ ನಾನು ನಡುವಿನ ಬೋಗಿಗೆ ಚಹಾ ತೆಗೆದುಕೊಂಡು ಹೋದೆ. ಅಲ್ಲಿ ಕೂರುತ್ತಿದ್ದವಳು ಚಾರುಮತಿ, ಮೈಸೂರಿನ ಕಡೆಯ ಎಂಜಿನಿಯರು. ಗೋಡೆಯ ಮೇಲೆ ನಮ್ಮ ಲೈನಿನ ನಕ್ಷೆ, ಊರಿಗೊಂದು ದೀಪ. ಆವತ್ತು ಅವಳು ಚಹಾ ಮುಟ್ಟಲಿಲ್ಲ.

"ಅಜ್ಜ, ನಿಮ್ಮೂರಿನ ದೀಪ ನೋಡಿ. ಹಸಿರಿತ್ತು, ಹಳದಿ ಆಗಿದೆ."

"ಅಂದ್ರ ಏನ್ರೀ ಬಾಯಾರ?"

"ಮುಂದಿನ ಸುತ್ತಿಗೆ ಜಾಲಿಕೊಪ್ಪ ಇರಲ್ಲ. ಬಂದರಿನ ಕಡೆ ಕರೆಂಟು ಅಗ್ಗ ಆಗಿದೆ, ಅಲ್ಲಿ ಆರ್ಡರೂ ದೊಡ್ಡದು. ಇಲ್ಲಿಗೆ ಬಂದು ಹೋಗೋದು ಅದಕ್ಕೆ ನಷ್ಟ."

"ಮತ್ತ ಕಸ್ತೂರಿ?"

ಅವಳು ನಕ್ಷೆಯ ಕಡೆಗೆ ತಿರುಗಿದಳು. "ಕಸ್ತೂರಿ ಅದಕ್ಕೆ ಒಂದು ಆರ್ಡರು, ಅಜ್ಜ. ಒಂದು ಆರ್ಡರಿಗೋಸ್ಕರ ಅಷ್ಟು ದೂರ ಗಾಡಿ ಎಳೆಯಲ್ಲ."

"ನೀವ ಎಳೀರಲಾ."

"ಬೆಂಕಿ ಬಿದ್ರೆ ಬ್ರೇಕು ಹಾಕೋ ಅಧಿಕಾರ ನನಗಿದೆ. ದಾರಿ ಬದಲಿಸೋ ಅಧಿಕಾರ ಇಲ್ಲ. ನಾನೂ ಇದರ ಒಂದು ಖರ್ಚೇ."

"ಎರಡು ಜರಡಿ ಮಾಡಿ ಕೊಡ್ರಿ, ಹಂಗಾರ. ಹತ್ತು ಮಾಡ್ರಿ. ಇಟಗೊಂತೀವಿ."

"ದಾಸ್ತಾನಿಗೆ ಅಂತ ಅದು ಏನನ್ನೂ ಮಾಡಲ್ಲ. ಮಾಡು ಅಂದ್ರೆ ಅದಕ್ಕೆ ಅರ್ಥಾನೇ ಆಗಲ್ಲ ಅಜ್ಜ. ಈ ಸಲದ ಒಂದನ್ನೇ ಬಂದರಿನ ಅವಸರಕ್ಕೆ ಮಾಡದೆ ಪಟ್ಟಿಯಲ್ಲಿ ಹಿಂದಕ್ಕೆ ತಳ್ಳಿದೆ."

ಈ ಸುದ್ದಿಯನ್ನು ತಂಗೆವ್ವನಿಗೆ ನಾನೇ ಹೇಳಬೇಕಾಯಿತು. ಅವಳು ಅಳಲಿಲ್ಲ. ಬಾಗಿಲಲ್ಲಿ ನಿಂತು ಗಾಡಿಯನ್ನೇ ನೋಡಿದಳು. ಆಮೇಲೆ ಕೇಳಿದಳು, "ಫಕೀರಣ್ಣ, ಇಷ್ಟು ವರ್ಷ ಬಂದು ಹೋತು. ನಾವು ಒಂದ್ ದಿನಾನರ ಅದಕ್ಕ ಉಡಿ ತುಂಬಿ ಕಳಿಸೀವೇನು?"

ಆ ಮಾತು ಓಣಿಯ ಹೆಂಗಸರಿಗೆಲ್ಲ ಹಿಡಿಯಿತು. ಹೌದಲ್ಲ, ಅನ್ನ ಕೊಟ್ಟವಳು, ಬರಿಗೈಯಲ್ಲಿ ಕಳಿಸುತ್ತ ಬಂದೆವಲ್ಲ ಎಂದರು. ಗಾಡಿ ಹೊರಡುವ ಮುಂಚೆ ಅರಿಷಿಣ ಕುಂಕುಮ ಹಿಡಿದು ಬಂದರು. ಬಿಳಿ ಬೋಗಿಯ ಬಾಗಿಲ ಕೆಳಗೆ, ಮೊಣಕಾಲಿನಂತೆ ಬಾಗಿದ ಎರಡು ಕಬ್ಬಿಣದ ಕಂಬಿಗಳ ನಡುವೆ, ಬಟ್ಟಲಿನಂಥ ಒಂದು ತಗ್ಗಿತ್ತು. ನೋಡಿದರೆ ಕುಳಿತ ಹೆಣ್ಣಿನ ಮಡಿಲೇ. ತಂಗೆವ್ವ ಅದರಲ್ಲಿ ಹಸಿರು ಖಣ ಹಾಸಿ, ಅಕ್ಕಿ ಸುರಿದು, ಅರಿಷಿಣ ಹಚ್ಚಿದ ತೆಂಗಿನಕಾಯಿ ಇಟ್ಟಳು.

"ಹೋಗಿ ಬಾ ನನ್ನವ್ವ," ಎಂದಳು. "ತವರು ಮರೀಬ್ಯಾಡ."

"ಗಂಡನ ಮನಿ ಬಂದರದಾಗ ಐತಂತ," ಎಂದಳು ಮಮತಾಜಬಿ. "ಮೀನ ತಿಂದು ನಮ್ಮ ರೊಟ್ಟಿ ಮರತಾಳು."

ಹೆಂಗಸರು ನಕ್ಕರು. ಸ್ವಲ್ಪ ಹೊತ್ತು ಆ ಪ್ಲಾಟ್‌ಫಾರ್ಮು ನಿಜವಾಗಿಯೂ ಮಗಳನ್ನು ಕಳಿಸುವ ಮನೆಯ ಅಂಗಳದಂತಿತ್ತು. ನಾನೂ ಅಲ್ಲೇ ನಿಂತಿದ್ದೆ. ಬೇಡ ಎನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಆ ತಗ್ಗು ಏತಕ್ಕೆ ಎಂದು ನಮಗೆ ಗೊತ್ತಿರಲಿಲ್ಲ. ನೂಲುವ ಎಳೆಗಳನ್ನು ಆರಿಸಲು ಬೋಗಿ ಉಸಿರೆಳೆದುಕೊಳ್ಳುವುದು ಅಲ್ಲಿಂದ.

ಮರುದಿನ ಗಾಡಿಯ ಕೂಗು ಕೇಳಿತು. ಬರಬಾರದ ದಿಕ್ಕಿನಿಂದ, ಹಿಂದು ಮುಂದಾಗಿ ಬರುತ್ತಿತ್ತು.

ಊರಿಗೆ ಊರೇ ಓಡಿತು. ತಂಗೆವ್ವ ಆರತಿ ತಟ್ಟೆ ಹಿಡಿದು ಬರಿಗಾಲಲ್ಲಿ ಬಂದಳು. ಹೆಂಗಸರು "ಬಂದ್ಲು, ಬಂದ್ಲು" ಎನ್ನುತ್ತಿದ್ದರು. ಗಾಡಿ ನಿಂತಿತು. ಯಾವ ಬಾಗಿಲೂ ತೆರೆಯಲಿಲ್ಲ. ನಡುವಿನ ಬೋಗಿಯಿಂದ ಚಾರುಮತಿ ಒಬ್ಬಳೇ ಇಳಿದಳು. ಅವಳ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅಕ್ಕಿ, ಕಾಯಿ, ಹಸಿರು ಖಣ. ಇನ್ನೊಂದು ಕೈಯಲ್ಲಿ ಹೆಬ್ಬೆಟ್ಟು ಒತ್ತುವ ಗಾಜಿನ ಹಲಗೆ.

"ಯಾರಮ್ಮ ಇದನ್ನ ಇಟ್ಟಿದ್ದು?"

ಅವಳು ಹೇಳಿದ ಮೇಲೆ ನಮಗೆ ತಿಳಿಯಿತು. ಉಡಿಯ ಅಕ್ಕಿ, ಅರಿಷಿಣದ ಪುಡಿ ಗಾಳಿಯ ಜೊತೆ ಬೋಗಿಯೊಳಗೆ ಹೋಗಿತ್ತು. ರಕ್ತಕ್ಕೆ ತಾಗುವ ಸಾಮಾನು ಮಾಡುವ ಜಾಗ ಅದು, ಒಂದು ಧೂಳಿನ ಕಣ ಕೂಡದು. ತಕ್ಕಡಿ ಬಿಳಿ ಬೋಗಿಗೆ ಬೀಗ ಹಾಕಿತ್ತು. ಗಾಡಿಯಲ್ಲಿ ಲೆಕ್ಕಕ್ಕಿಲ್ಲದ ಭಾರ ಕಂಡರೆ ಅದು ಹತ್ತಿದಲ್ಲಿಗೇ ಕೊಂಡೊಯ್ದು, ಕೊಟ್ಟವರ ಕೈಗೇ ಒಪ್ಪಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದೆ ಹೋಗಬೇಕೆಂಬುದು ಅದರ ನೇಮ. ಅಷ್ಟಕ್ಕಾಗಿ ಇಡೀ ಕಾರ್ಖಾನೆ ತಿರುಗಿ ಬಂದಿತ್ತು.

"ಒಂದು ಜೀವಕ್ಕ ತಿರುಗೂದಿಲ್ಲ ಅಂತಿದ್ರಿ," ಎಂದಳು ಮಮತಾಜಬಿ. "ಒಂದು ಕಾಯಿಗೆ ತಿರುಗಿತಲಾ."

ಚಾರುಮತಿ ಚೀಲ ತಂಗೆವ್ವನ ಮುಂದೆ ಹಿಡಿದಳು. "ತಗೊಳ್ಳಿ ಅಮ್ಮ. ಹೆಬ್ಬೆಟ್ಟು ಒತ್ತಿ. ಹೊರಡಬೇಕು."

ತಂಗೆವ್ವ ಎರಡೂ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. "ಕೊಟ್ಟ ಉಡಿ ತಿರುಗಿ ತಗೋಬಾರದವ್ವ. ಕೆಟ್ಟದಾಗತೈತಿ."

"ತಗೊಳ್ಳದೆ ಗಾಡಿ ಹೊರಡೋ ಹಾಗಿಲ್ಲ!"

ಹಾಗೆಂದವಳು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಗಾಡಿಯನ್ನು ನೋಡಿದಳು. ಕಟ್ಟೆಯ ಮೇಲೆ ಕುಳಿತಿದ್ದ ಕಸ್ತೂರಿಯನ್ನು ನೋಡಿದಳು. ಅವಳ ಕಾಲು ಆಗಲೇ ಊದಿಕೊಂಡಿತ್ತು. ಆಮೇಲೆ ಗಾಜಿನ ಹಲಗೆಯನ್ನು ತಂಗೆವ್ವನ ಬಾಯಿಯ ಹತ್ತಿರ ತಂದು, "ಅಮ್ಮ, ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ," ಎಂದಳು. "ಜೋರಾಗಿ. ಇದಕ್ಕೆ ಕೇಳಿಸಲಿ."

"ತಗೊಳ್ಳೂದಿಲ್ಲ," ಎಂದಳು ತಂಗೆವ್ವ. "ನನ್ನ ಕಡಿದ್ರೂ ತಗೊಳ್ಳೂದಿಲ್ಲ."

ಗಾಡಿ ನಿಂತಲ್ಲೇ ಉಳಿಯಿತು. ತಂಗೆವ್ವ ಬಿಸಿಲಿನಲ್ಲೇ, ಕಾದ ಕಲ್ಲಿನ ಮೇಲೆ, ಸೆರಗು ಬಿಗಿದುಕೊಂಡು ಕುಳಿತಳು. ಚಾರುಮತಿ ನನ್ನನ್ನೂ ನಡುವಿನ ಬೋಗಿಗೆ ಕರೆದಳು. ಅವಳಿಗೆ ಒಬ್ಬಳೇ ಇರಲು ಆಗುತ್ತಿರಲಿಲ್ಲ. ಗೋಡೆಯ ದೀಪಗಳು ಒಂದೊಂದಾಗಿ ಬಣ್ಣ ಬದಲಿಸುತ್ತಿದ್ದವು. ತಕ್ಕಡಿ ಮೊದಲು ಮೂರು ಸಲ ಕೇಳಿತು: ಸಾಮಾನು ಒಪ್ಪಿಸಿದಿರಾ? ಇಲ್ಲ ಎಂದು ಅವಳು ಒತ್ತಿದಳು. ಆಮೇಲೆ ಅದು ಲೆಕ್ಕಕ್ಕೆ ಇಳಿಯಿತು. ನಿಂತ ಹೊತ್ತು ವ್ಯರ್ಥವಾಗಬಾರದಲ್ಲ. ನಿಂತಲ್ಲೇ ಏನು ಮಾಡಬಹುದು ಎಂದು ಹುಡುಕಿತು. ಬಿಳಿ ಬೋಗಿಯೊಳಗೆ ಬಿಸಿ ಹಬೆ ನುಗ್ಗುವ ಸದ್ದು ಕೇಳಿತು.

"ತೊಳ್ಕೊಳ್ತಾ ಇದೆ," ಎಂದಳು ಚಾರುಮತಿ. "ತಾನಾಗೇ ತೊಳ್ಕೊಳ್ತಾ ಇದೆ, ಅಜ್ಜ. ನಿನ್ನೆ ಉಳಿದ ಕಸ್ತೂರಿ ಆರ್ಡರು ಇನ್ನೂ ಪಟ್ಟಿಯಲ್ಲಿದೆ, ಬೀಗ ತೆಗೆದ್ರೆ ಮಾಡುತ್ತೆ."

ಹೊತ್ತು ಇಳಿಯಿತು. ಮಮತಾಜಬಿ ತಂಗೆವ್ವನ ತಲೆಯ ಮೇಲೆ ಕೊಡೆ ಹಿಡಿದು ನಿಂತಳು. ಬೀಗ ತೆರೆಯಿತು. ಬೋಗಿಯೊಳಗೆ ನೂಲುವ ಸದ್ದು ಎದ್ದಾಗ ಇಡೀ ಪ್ಲಾಟ್‌ಫಾರ್ಮು ಆ ಕಡೆಗೆ ತಿರುಗಿತು. ಕೊನೆಗೆ ಸಣ್ಣ ಬಾಗಿಲು ತೆರೆದು ಒಂದು ಬಿಳಿ ಡಬ್ಬಿ ಹೊರಗೆ ಬಂತು. ಒಂದೇ.

"ಏಳಬ್ಯಾಡ ತಂಗೆವ್ವ," ಎಂದು ಹೆಂಗಸರು ಕೂಗಿದರು. "ಕುಂದರು. ವರ್ಷದ್ದು ಮಾಡಲಿ, ಆಮ್ಯಾಲ ಏಳು."

"ಆರ್ಡರು ಒಂದೇ ಇರೋದು," ಎಂದಳು ಚಾರುಮತಿ. "ವರ್ಷ ಕೂತರೂ ಎರಡನೇದು ಬರಲ್ಲ." ಆಮೇಲೆ ದನಿ ತಗ್ಗಿಸಿದಳು. "ಮುಂದಿನ ಊರಲ್ಲಿ ಇಬ್ಬರು ಇದಕ್ಕೇ ಕಾಯ್ತಾ ಇದ್ದಾರೆ. ನಿನ್ನೆಯೇ ಸಿಗಬೇಕಿತ್ತು ಅವರಿಗೆ."

ತಂಗೆವ್ವ ಕದಲಲಿಲ್ಲ. ಎದ್ದರೆ ಗಾಡಿ ಹೋಗುತ್ತದೆ, ಹೋದರೆ ಬರುವುದಿಲ್ಲ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಕಸ್ತೂರಿಯೇ ಗೋಡೆ ಹಿಡಿದು ನಡೆದು ಬಂದು ತಾಯಿಯ ಪಕ್ಕದಲ್ಲಿ ಕುಳಿತಳು.

"ಯವ್ವಾ, ಆ ಊರಾಗೂ ಒಬ್ಬಾಕಿ ಹಿಂಗ ಬಿಸಲಾಗ ಕುಂತಿರತಾಳ. ತಗೋಬೇ. ಸಾಕು."

"ನಾ ತಗೊಂಡ್ರ ನೀ..."

"ತಗೋ."

ತಂಗೆವ್ವ ಎದ್ದಳು. ಸೆರಗು ಒಡ್ಡಿದಳು. ಚಾರುಮತಿ ಅಕ್ಕಿಯನ್ನೂ ಖಣವನ್ನೂ ಕಾಯಿಯನ್ನೂ ಅದಕ್ಕೆ ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡಳು. ಉಡಿ ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ತವರಿಗೆ ಬಿಟ್ಟು ಹೋಗುವುದು ನಮ್ಮ ಪದ್ಧತಿ. ತಂಗೆವ್ವನ ಕೈ ಅಭ್ಯಾಸದಿಂದ ಒಂದು ಹಿಡಿ ಅಕ್ಕಿ ತೆಗೆಯಿತು. ಈ ಸಲ ಅವಳು ಬಿಳಿ ಬೋಗಿಯ ಹತ್ತಿರ ಹೋಗಲಿಲ್ಲ. ಕಬ್ಬಿಣದ ಹಾಳೆ ಹೇರಿದ್ದ ಕೊನೆಯ ಬೋಗಿಯ ಮೆಟ್ಟಿಲ ಮೇಲೆ ಅದನ್ನು ಇಟ್ಟಳು.

ಚಾರುಮತಿ ನೋಡಿದಳು. "ಒಂದು ಹಿಡಿ ಅದರ ತೂಕಕ್ಕೆ ಬರಲ್ಲ, ಅಮ್ಮ," ಎಂದಳು. ಅವಳೇ ತಂಗೆವ್ವನ ಸೆರಗಿನಿಂದ ತೆಂಗಿನಕಾಯಿ ತೆಗೆದು ಕಬ್ಬಿಣದ ಹಾಳೆಗಳ ಸಂದಿಯಲ್ಲಿ ಸಿಕ್ಕಿಸಿದಳು. ಅದು ಕೆಲಸ ಹೋಗುವ ತಪ್ಪು ಎಂದು ಅವಳಿಗೆ ಗೊತ್ತಿತ್ತು. ಹಿಂತಿರುಗಿ ನೋಡದೆ ಬೋಗಿ ಹತ್ತಿದಳು.

ನಾವು ಕಾದೆವು. ಮರುದಿನ ಬರಲಿಲ್ಲ. ದಾರಿ ಉದ್ದವಿರಬಹುದು ಎಂದುಕೊಂಡೆವು. ಪಂಚಮಿ ಹೋಯಿತು, ಗಣಪ ಬಂದು ಹೋದ. ಆಸ್ಪತ್ರೆಯವರು ಜರಡಿಯನ್ನು ತೊಳೆದರು, ಮತ್ತೆ ತೊಳೆದರು. ಅದರ ಎಳೆಗಳು ಕಂದುಬಣ್ಣಕ್ಕೆ ತಿರುಗಿದವು. ಸೈಡಿಂಗಿನ ಹಳಿ ತುಕ್ಕು ಹಿಡಿಯಿತು. ಗಂಡಸರು ಕೆಲಸ ಹುಡುಕಿ ಒಬ್ಬೊಬ್ಬರಾಗಿ ಬಂದರಿನ ದಾರಿ ಹಿಡಿದರು. ತಂಗೆವ್ವ ದಿನವೂ ಗಾಡಿ ತಿರುಗಿ ಬಂದಿದ್ದ ದಿಕ್ಕಿಗೇ ಮುಖ ಮಾಡಿ ಪ್ಲಾಟ್‌ಫಾರ್ಮಿನಲ್ಲಿ ಕೂರುತ್ತಿದ್ದಳು.

ಮಳೆ ನಿಂತ ಮೇಲೆ ಹಳಿ ನೋಡಲು ನಾನು ಹಳ್ಳದ ಸೇತುವೆಯ ಆಚೆಗೆ ನಡೆದು ಹೋದೆ. ಅಲ್ಲಿ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಕಾಯಿ ಬಿದ್ದಿತ್ತು. ಮಳೆಗೆ ಅರಿಷಿಣ ಮಾಸಿತ್ತು, ಜುಟ್ಟಿನ ಬುಡದಲ್ಲಿ ಮಾತ್ರ ಸ್ವಲ್ಪ ಹಳದಿ ಉಳಿದಿತ್ತು. ಗಾಡಿ ಅಲ್ಲಿ ನಿಂತ ಗುರುತಿರಲಿಲ್ಲ, ನಿಧಾನ ಮಾಡಿದ ಗುರುತೂ ಇರಲಿಲ್ಲ. ಒಂದು ಕಾಯಿಯನ್ನು ತಿರುಗಿ ತಂದುಕೊಡಲು ಎಷ್ಟು ಖರ್ಚಾಯಿತು ಎಂಬುದನ್ನು ತಕ್ಕಡಿ ಮೊದಲ ಸಲವೇ ಕಲಿತಿತ್ತು. ಎಸೆಯುವುದು ಅಗ್ಗ. ಚಾರುಮತಿ ಆಗ ಗಾಡಿಯಲ್ಲಿದ್ದಳೋ, ಅವಳನ್ನೂ ಎಲ್ಲಿಯಾದರೂ ಇಳಿಸಿತ್ತೋ, ನಮಗೆ ತಿಳಿಯಲೇ ಇಲ್ಲ.

ಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂಗೆವ್ವನ ಮನೆಗೆ ಹೋದೆ. ಕಸ್ತೂರಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ನಾನು ಬಿಚ್ಚುವ ಮುಂಚೆಯೇ ಅವಳಿಗೆ ಗೊತ್ತಾಯಿತು.

"ಕಾಕಾ, ಅದು ನಮ್ಮ ಕಾಯಿ ಹೌದಲ್ಲೋ?"

ಹೌದೆಂದು ತಲೆಯಾಡಿಸಿದೆ. ತಂಗೆವ್ವ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿದ್ದಳು. ಎದ್ದು ಒಳಗೆ ಹೋದಳು. ಮಣೆ ತಂದು ನಡುಮನೆಯಲ್ಲಿ ಹಾಕಿದಳು. ಮಮತಾಜಬಿಯನ್ನೂ ಓಣಿಯ ಹೆಂಗಸರನ್ನೂ ಕೂಗಿ ಕರೆದಳು. ಮೊರದಲ್ಲಿ ಅಕ್ಕಿ, ಅದೇ ಹಸಿರು ಖಣ.

"ಬಾಬೇ, ಕುಂದರು," ಎಂದಳು ಮಗಳಿಗೆ. "ಆ ಮನಿಯಿಂದ ಬರೂವಾಗ ನಿನಗ ಯಾರೂ ಉಡಿ ತುಂಬಲಿಲ್ಲ."

ಹೆಂಗಸರು ಹಿಡಿದು ಕೂರಿಸಿದರು. ಕಸ್ತೂರಿ ಸೆರಗು ಹರವಿಕೊಂಡಳು. "ಎಲ್ಲಿಗೆ ಕಳಸಾಕತ್ತೀಯಬೇ ನನ್ನ?" ಎಂದು ನಗಲು ನೋಡಿದಳು. ಯಾರೂ ನಗಲಿಲ್ಲ. ತಂಗೆವ್ವ ಅಕ್ಕಿ ಹಾಕಿದಳು, ಖಣ ಹಾಕಿದಳು, ಅರಿಷಿಣ ಹಚ್ಚಿ ಕಾಯಿ ಇಟ್ಟಳು. ಮಮತಾಜಬಿ ಉತ್ತತ್ತಿ ಹಾಕಿ ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

"ಹೋಗಿ ಬಾ, ನನ್ನವ್ವ," ಎಂದಳು ತಂಗೆವ್ವ.

ಕಸ್ತೂರಿ ಉಡಿಯೊಳಗೆ ಕೈ ಹಾಕಿದಳು. ಊದಿದ ಬೆರಳುಗಳು ಮಡಚುತ್ತಿರಲಿಲ್ಲ, ಅಕ್ಕಿ ಸಂದಿಯಿಂದ ಜಾರುತ್ತಿತ್ತು. ಆದರೂ ಒಂದು ಹಿಡಿ ತುಂಬಿಸಿಕೊಂಡು, ಪದ್ಧತಿಯಂತೆ ತಾಯಿಯ ಸೆರಗಿಗೆ ಹಾಕಿದಳು.

ಗೋದಾಮು ಹೋದ ಮೇಲೆ ನಮ್ಮೂರಿನಲ್ಲಿ ಯಾರೂ ಏನನ್ನೂ ಕೂಡಿಟ್ಟದ್ದಿಲ್ಲ. ಕಸ್ತೂರಿ ಬಿಟ್ಟುಹೋದ ಆ ಹಿಡಿ ಅಕ್ಕಿಯನ್ನು ತಂಗೆವ್ವ ಇನ್ನೂ ಬೇಯಿಸಿಲ್ಲ.